ಎರಡು ಹೊಲಿಗೆಯ ವಾರಗಿತ್ತಿ

ಮೊನ್ನೆ ಕಣದ ಬದಿಯ ಶೆಡ್ಡಿನಲ್ಲಿ ನಮ್ಮೆಜಮಾನರು ಗೋಣಿಚೀಲಗಳಿಗೆ ಮಾರ್ಕ್ ಹಾಕುತ್ತಿದ್ದರು. ಒಣಗಿಸಿದ ಕಾಫಿ ಸಿಪ್ಪೆ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ಹೋಗುವ ಮುಂಚೆ ಯಾರ ಮನೆಯ ಚೀಲ ಎಂದು ಗೊತ್ತಾಗಲಿಕ್ಕೆ ಮನೆಯ ಹೆಸರಿನ ಎರಡು ಅಕ್ಷರವನ್ನು ಅದರ ಮೇಲೆ ಮೂಡಿಸುವುದು ನಮ್ಮಲ್ಲಿ ಪದ್ಧತಿ. ಅಕ್ಷರ ಕೊರೆದ ತಗಡಿನ ಅಚ್ಚನ್ನು ಚೀಲದ ಮೇಲಿಟ್ಟು ನೀಲಿ ಬಣ್ಣದ ಬ್ರಶ್ ಆಡಿಸಿದರೆ ಆಯಿತು. ನಮ್ಮ ಮನೆಯ ಹಳೆಯ ತಗಡು ತುಕ್ಕು ಹಿಡಿದು ಪುಡಿಪುಡಿಯಾಗಿತ್ತು. ಹೊಸದು ಯಾವಾಗ ಮಾಡಿಸಿದಿರಿ ಎಂದು ಕೇಳುತ್ತಾ ಅಚ್ಚನ್ನು ಕೈಗೆತ್ತಿಕೊಂಡೆ. ಕಪ್ಪಗೆ, ತೆಳ್ಳಗೆ, ಬಳುಕುವ ಹಾಳೆ. ಬೆಳಕಿಗೆ ಹಿಡಿದು ನೋಡಿದರೆ ಅದರೊಳಗೆ ನನ್ನ ಬೆನ್ನುಮೂಳೆ ಕಂಡಿತು.

ಹೌದು, ನನ್ನದೇ. ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ನನ್ನ ಹೆಸರು, ವಯಸ್ಸು ಐವತ್ತೆರಡು ಎಂದು ಅಚ್ಚಾಗಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಅವರು ಕೊಟ್ಟ ಹಸಿರು ನಿಲುವಂಗಿ ತೊಟ್ಟು, ತಣ್ಣನೆಯ ಮೇಜಿನ ಮೇಲೆ ಉಸಿರು ಬಿಗಿಹಿಡಿದು ಮಲಗಿ ತೆಗೆಸಿಕೊಂಡು ಬಂದ ಎಕ್ಸ್‌ರೇ ಅದು. ನಮ್ಮವರು ಬ್ಲೇಡಿನಿಂದ ಬಹಳ ಮುತುವರ್ಜಿ ವಹಿಸಿ ಎರಡು ಅಕ್ಷರ ಕೊರೆದಿದ್ದರು. ಮೊದಲನೆಯದು ನನ್ನ ಪಕ್ಕೆಲುಬುಗಳನ್ನು ತಿಂದಿತ್ತು. ಎರಡನೆಯದು ಸೊಂಟದ ನಾಲ್ಕನೇ ಐದನೇ ಮಣಿಗಳಿರುವಲ್ಲಿ, ಅಂದರೆ ಇಪ್ಪತ್ತು ವರ್ಷದಿಂದ ನೋಯುತ್ತಿರುವ ಜಾಗದಲ್ಲೇ ಕೂತಿತ್ತು.

"ಇದೆಂತ ಮಾಡಿದ್ರಿ?" ಎಂದೆ.

"ಒಳ್ಳೇ ಗಟ್ಟಿ ಇದೆ ಮಾರಾಯ್ತಿ. ತಗಡಿಗಿಂತ ಚೆನ್ನಾಗಿ ಕೂರುತ್ತೆ ನೋಡು," ಎಂದು ಅವರು ಸಂತೋಷದಿಂದ ಇನ್ನೊಂದು ಚೀಲ ಎಳೆದುಕೊಂಡರು. "ಹೆಂಗೂ ಅದ್ರಲ್ಲಿ ಏನೂ ಇಲ್ಲ ಅಂದ್ರಲ್ಲ ಡಾಕ್ಟ್ರು."

ಈ ವರ್ಷ 'ಏನೂ ಇಲ್ಲ' ಎಂಬ ಮಾತಿನಿಂದ ನನಗಾದಷ್ಟು ನೋವು ಬೆನ್ನಿನಿಂದಲೂ ಆಗಿಲ್ಲ. ಕಣದ ಆಚೆ ದಿಕ್ಕಿಗೆ ನನ್ನ ಮೈದುನ ರಮೇಶನ ಮನೆ. ಅಲ್ಲಿ ಅವನ ಹೆಂಡತಿ, ನನ್ನ ವಾರಗಿತ್ತಿ, ಪ್ರಮೀಳಳ ಎಂಆರ್‌ಐ ಫಿಲ್ಮು ಬೀರುವಿನೊಳಗೆ ಧಾರೆ ಸೀರೆಯ ಪಕ್ಕದಲ್ಲಿ ನುಸಿಗುಳಿಗೆಯ ಸಮೇತ ಇದೆ. ಬಂದವರಿಗೆ ತೆಗೆದು ತೋರಿಸಿ, ಮತ್ತೆ ಅದೇ ಕವರಿಗೆ ಹಾಕಿ, ಒರೆಸಿ ಇಡುತ್ತಾರೆ. ನನ್ನ ಬೆನ್ನು ಇಲ್ಲಿ ನೀಲಿ ಬಣ್ಣ ಬಳಿಸಿಕೊಂಡು ಚಿಕ್ಕಮಗಳೂರಿಗೆ ಚೀಲ ಕಳಿಸುತ್ತಿದೆ. ಹೊಟ್ಟೆಕಿಚ್ಚು ಪಡಬಾರದು ಎಂದು ನೀವು ಹೇಳುತ್ತೀರಿ. ಹೇಳಿ, ಹೇಳಿ. ನಿಮ್ಮ ಬೆನ್ನಿನಲ್ಲಿ ಯಾರೂ ಅಕ್ಷರ ಕೊರೆದಿಲ್ಲವಲ್ಲ.

ನಿಜ ಹೇಳಬೇಕೆಂದರೆ ಬೆನ್ನಿನ ವಿಷಯದಲ್ಲಿ ನನ್ನ ಹೊಟ್ಟೆಕಿಚ್ಚು ಇವತ್ತು ನಿನ್ನೆಯದಲ್ಲ. ನನ್ನ ತವರು ಕಳಸದ ಕಡೆ. ನನಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ ಸರಸು ಹುಟ್ಟುವಾಗ ತಲೆಯ ಬದಲು ಕಾಲು ಮುಂದು ಮಾಡಿಕೊಂಡು ಬಂದಳಂತೆ. ಹಾಗೆ ಹುಟ್ಟಿದವರು ಮೆಲ್ಲಗೆ ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಆದ್ದರಿಂದ ಸುತ್ತಮುತ್ತ ಯಾರು ಸೌದೆ ಎತ್ತಿ ಉಳುಕಿಸಿಕೊಂಡರೂ, ಬಿಂದಿಗೆ ಎತ್ತಿ ಸೊಂಟ ಹಿಡಿದುಕೊಂಡರೂ ಬೆಳಿಗ್ಗೆ ಬೆಳಿಗ್ಗೆಯೇ ನಮ್ಮ ಜಗಲಿಗೆ ಬಂದು ಬೆನ್ನು ತೋರಿಸಿ ಕೂರುತ್ತಿದ್ದರು. ಸರಸು ನಿದ್ದೆಗಣ್ಣಿನಲ್ಲಿ ಎದ್ದು ಬಂದು ಎಡಗಾಲಿನಲ್ಲಿ ಮೂರು ಸಲ ಒದ್ದು ಒಳಗೆ ಹೋಗಿ ಮತ್ತೆ ಮಲಗುತ್ತಿದ್ದಳು. ಅಷ್ಟಕ್ಕೇ ಅವಳಿಗೆ ಬಾಳೆಹಣ್ಣು, ಕೊಬ್ಬರಿ ಮಿಠಾಯಿ, ಒಮ್ಮೆ ಕೆಂಪು ರಿಬ್ಬನ್ನು. ನಾನು ಕಂಬ ಹಿಡಿದುಕೊಂಡು ನೋಡುತ್ತಾ ನಿಲ್ಲಬೇಕಿತ್ತು.

ಮಿಠಾಯಿಯನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಒಂದು ದಿನ ನಮ್ಮ ಶಾಲೆಯ ಮೇಷ್ಟ್ರೇ ಸೊಂಟ ಹಿಡಿದುಕೊಂಡು ಬಂದರು. ಮಗ್ಗಿ ತಪ್ಪಿದ್ದಕ್ಕೆ ಹಿಂದಿನ ದಿನ ತಾನೇ ನನ್ನ ಅಂಗೈಗೆ ಬಾರಿಸಿದ್ದ ಮೇಷ್ಟ್ರು. ಅವರು ನಮ್ಮ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತು, "ಒದಿಯಮ್ಮ ಸರಸ್ವತಿ," ಎಂದು ವಿನಯದಿಂದ ಹೇಳಿದರು. ಸರಸು ಒದ್ದಳು. ಮೂರು ಸಲ! ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮನನ್ನು ಕೇಳಿದೆ, "ನನ್ನ ಯಾಕೆ ತಲೆ ಮುಂದಾಗಿ ಹೆತ್ತೆ?" ಅಮ್ಮ ಸೌಟು ಹಿಡಿದುಕೊಂಡೇ ನಕ್ಕಳು. "ಎಲ್ರೂ ಹಂಗೇ ಹುಟ್ಟೋದು ಕಣೆ," ಎಂದಳು. ಎಲ್ಲರೂ ಹುಟ್ಟುವ ಹಾಗೆ ಹುಟ್ಟಿದ್ದು ನನ್ನ ಬದುಕಿನ ಮೊದಲ ಅವಮಾನ.

ಮುಂದೊಂದು ದಿನ ಸರಸು ಅಜ್ಜಿಮನೆಗೆ ಹೋಗಿದ್ದಾಗ ದೂರದ ಊರಿನವರೊಬ್ಬರು ಉಳುಕು ತೆಗೆಸಿಕೊಳ್ಳಲು ಬಂದರು. ಇಬ್ಬರು ಹುಡುಗಿಯರಲ್ಲಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ. "ಕಾಲು ಮುಂದಾಗಿ ಹುಟ್ಟಿದ್ದು ನೀನೇನಾ ಮಗಾ?" ಎಂದರು. ಅಮ್ಮ ಕೊಟ್ಟಿಗೆಯಲ್ಲಿದ್ದಳು. ನಾನು ಹೌದೆಂದೆ. ಅಷ್ಟು ವರ್ಷ ಕಂಬ ಹಿಡಿದು ನಿಂತ ಸಿಟ್ಟೆಲ್ಲ ಕಾಲಿಗೆ ಬಂತು. ಒಂದೇ ಒದೆತಕ್ಕೆ ಅವರು ಜಗಲಿಯಿಂದ ಅಂಗಳಕ್ಕೆ ಬಿದ್ದರು. ನಡೆದುಕೊಂಡು ಬಂದವರನ್ನು ಇಬ್ಬರು ಹೆಗಲು ಕೊಟ್ಟು ಕರೆದುಕೊಂಡು ಹೋಗಬೇಕಾಯಿತು. ನನ್ನ ಈಗಿನ ಬೆನ್ನುನೋವು ಆ ಪಾಪದ ಫಲ ಎಂದು ಸರಸು ಈಗಲೂ ಫೋನಿನಲ್ಲಿ ಹೇಳಿ ನಗುತ್ತಾಳೆ. ಅವಳ ಬೆನ್ನಿಗೆ ಇವತ್ತಿನವರೆಗೆ ಏನೂ ಆಗಿಲ್ಲ, ಅದಕ್ಕೂ ನನಗೆ ಹೊಟ್ಟೆಕಿಚ್ಚಿದೆ.

ನನ್ನ ನೋವು ಶುರುವಾದದ್ದು ಇಪ್ಪತ್ತು ವರ್ಷದ ಹಿಂದೆ, ಒಂದು ಕೊಯ್ಲಿನ ಸಮಯದಲ್ಲಿ. ಬಣಕಲ್ ಹತ್ತಿರದ ನಮ್ಮ ತೋಟ ಇಳಿಜಾರಿನದು. ಸಂಜೆ ಹಣ್ಣು ಅಳೆಯುವ ಹೊತ್ತಿಗೆ ಒಂದು ಚೀಲ ಉರುಳಿತೆಂದು ನಾನೇ ಬಗ್ಗಿ ಎತ್ತಲು ಹೋದೆ. ಸೊಂಟದಲ್ಲಿ ಒಣಗಿದ ಕಡ್ಡಿ ಮುರಿದ ಹಾಗೆ ಏನೋ ಆಯಿತು. ಬಗ್ಗಿದವಳು ಬಗ್ಗಿದ ಹಾಗೆಯೇ ಮನೆಗೆ ಬಂದೆ. ಆಮೇಲೆ ಬಿಸಿ ಮರಳಿನ ಶಾಖ, ಎಣ್ಣೆ, ಪಟ್ಟಿ, ಬೆಲ್ಟು, ಗುಳಿಗೆ ಎಲ್ಲ ಆಯಿತು. ಎಲ್ಲಕ್ಕಿಂತ ಹಿತವಾದದ್ದು ಕಣದ ಸಿಮೆಂಟು. ಇಡೀ ದಿನ ಬಿಸಿಲು ಕುಡಿದ ಕಣದಿಂದ ಸಂಜೆ ಕಾಫಿಯನ್ನು ರಾಶಿ ಎಳೆದು ಟಾರ್ಪಾಲು ಮುಚ್ಚಿದ ಮೇಲೆ, ಖಾಲಿಯಾದ ನೆಲದ ಮೇಲೆ ಅಂಗಾತ ಮಲಗಿದರೆ ಒಂದು ಗಂಟೆ ಹೊತ್ತು ಅದು ಸೊಂಟಕ್ಕೆ ಕಾವು ಕೊಡುತ್ತದೆ. ಕಾಫಿಯವರ ಮನೆಗೆ ಸೊಸೆಯಾಗಿ ಬಂದದ್ದಕ್ಕೆ ನನಗೆ ಸಿಕ್ಕಿದ ದೊಡ್ಡ ಸುಖ ಅದು.

ಬೆನ್ನುನೋವಿನ ದೊಡ್ಡ ದೋಷ ಏನು ಗೊತ್ತೇ? ಅದು ಕಾಣುವುದಿಲ್ಲ. ಬಾವು ಬರುವುದಿಲ್ಲ, ಜ್ವರ ಏರುವುದಿಲ್ಲ, ರಕ್ತ ಸುರಿಯುವುದಿಲ್ಲ. ಹೊರಗಿನಿಂದ ನೋಡಿದರೆ ಮೈಕೈ ತುಂಬಿಕೊಂಡ ಗೃಹಿಣಿ. ಆದ್ದರಿಂದ ನರಳಬೇಕು. ನರಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ದಿನಾ ನರಳಿದರೆ ಯಾರೂ ನಂಬುವುದಿಲ್ಲ. ಮೊದಲ ವರ್ಷ ನಮ್ಮವರು ನಾನು ಅಯ್ಯೋ ಎಂದರೆ ತಲೆಯೆತ್ತಿ ನೋಡುತ್ತಿದ್ದರು. ಆಮೇಲೆ ಪೇಪರ್ ಓದುತ್ತಲೇ, "ನಿಂದು ಶುರುವಾಯ್ತಾ?" ಎನ್ನುವುದಕ್ಕೆ ಇಳಿದರು. ಕೋಗಿಲೆ ಕೂಗಿದರೂ ಅವರು ಅಷ್ಟು ನಿರಾಳವಾಗಿ ಇರಲಾರರು. ಯಾರಾದರೂ ಒಬ್ಬರು, ಒಂದೇ ಒಂದು ಸಲ, 'ಹೌದು, ಇವಳಿಗೆ ನಿಜವಾಗಿ ನೋಯುತ್ತಿದೆ' ಎಂದು ಹೇಳಲಿ ಎಂಬುದು ನನ್ನ ಇಪ್ಪತ್ತು ವರ್ಷದ ಆಸೆ. ಬೇರೆ ಹೆಂಗಸರು ಬಳೆ ಕೇಳುತ್ತಾರೆ, ನಾನು ಕೇಳಿದ್ದು ಇಷ್ಟೇ.

ನೋವಿನಿಂದ ನನಗೆ ಸಿಕ್ಕಿದ ಲಾಭ ಒಂದೇ, ಜೀಪಿನ ಮುಂದಿನ ಸೀಟು. ಎರಡು ಮನೆಗೂ ಸೇರಿ ಒಂದೇ ಜೀಪು. ತೋಟದಿಂದ ಟಾರು ರಸ್ತೆಯವರೆಗಿನ ದಾರಿ ಹೇಗಿದೆಯೆಂದರೆ, ಹಿಂದೆ ಕೂತವರ ತಲೆ ಮೇಲಿನ ಕಬ್ಬಿಣಕ್ಕೂ ಸೊಂಟ ಕೆಳಗಿನ ಹಲಗೆಗೂ ಸರದಿಯ ಮೇಲೆ ಬಡಿಯುತ್ತದೆ. ಮುಂದಿನ ಸೀಟು ಬೆನ್ನು ಸರಿಯಿಲ್ಲದವರಿಗೆ ಎಂದು ನಮ್ಮ ಎರಡೂ ಮನೆಯಲ್ಲಿ ಯಾರೂ ಬರೆಯದ ಕಾನೂನು. ಮದುವೆಗೆ ಹೊರಟರೂ, ಮೂಡಿಗೆರೆಗೆ ಸಾಮಾನಿಗೆ ಹೊರಟರೂ ನಾನು ಬಾಗಿಲು ಹಿಡಿದು, ಎಲ್ಲರಿಗೂ ಕೇಳಿಸುವಷ್ಟು ಒಂದು ಸಲ ನರಳಿ, ಮುಂದೆ ಹತ್ತಿ ಕೂರುತ್ತಿದ್ದೆ. ನಿಮಗೊಬ್ಬರಿಗೇ ಹೇಳುತ್ತೇನೆ: ಹತ್ತರಲ್ಲಿ ಎರಡು ದಿನ ನೋವು ಇರುತ್ತಲೇ ಇರಲಿಲ್ಲ. ಆದರೂ ಸೀಟು ಕೈಬಿಟ್ಟೀತು ಎಂದು ನರಳುತ್ತಿದ್ದೆ. ಆ ಎರಡು ದಿನಗಳೇ ಉಳಿದ ಎಂಟು ದಿನಗಳ ನಂಬಿಕೆಯನ್ನೂ ತಿಂದುಹಾಕಿದವೋ ಏನೋ.

ಹೀಗಿರುವಾಗ ಕಳೆದ ಮಳೆಗಾಲದಲ್ಲಿ ಪ್ರಮೀಳ ಸೊಂಟ ಹಿಡಿದುಕೊಂಡಳು. ಅವಳು ನನಗಿಂತ ಆರು ವರ್ಷ ಚಿಕ್ಕವಳು, ಒಣಕಲು, ಚುರುಕು. ನಾನು ಒಂದು ಅಕ್ಕಿರೊಟ್ಟಿ ತಟ್ಟುವಷ್ಟರಲ್ಲಿ ಮೂರು ಬೇಯಿಸಿ ಮಡಚಿಡುವವಳು. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಕರೆಂಟು ಹೊಡೆದ ಹಾಗೆ ಆಗುತ್ತದೆ ಎಂದಳು. ಆ ದಿನ ನಾನು ನಮ್ಮವರ ಹತ್ತಿರ ಹೇಳಿದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. "ಇನ್ನೆಂತದು, ನನ್ನ ನೋಡಿ ಕಲ್ತಿದಾಳೆ. ಮುಂದಿನ ಸೀಟಿನ ಮೇಲೆ ಕಣ್ಣು," ಎಂದಿದ್ದೆ. ಅಷ್ಟಕ್ಕೇ ನಿಲ್ಲಿಸದೆ, ಹೆಂಗಸರ ಸಂಘದ ಮೀಟಿಂಗಿನಲ್ಲಿ ಇನ್ನಿಬ್ಬರ ಹತ್ತಿರವೂ ಹೇಳಿದೆ.

ನವರಾತ್ರಿಯಲ್ಲಿ ನಮ್ಮ ಮನೆಗೆ ಬಂದವಳು ಎಲೆಗೆ ಪಾಯಸ ಬಡಿಸುತ್ತಾ ಇದ್ದಕ್ಕಿದ್ದಂತೆ ಕಾಲೆಳೆಯತೊಡಗಿದಳು. ಹೆಬ್ಬೆರಳು ಮೇಲಕ್ಕೆ ಏಳುತ್ತಲೇ ಇರಲಿಲ್ಲ. ಮರುದಿನವೇ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಕರೆದುಕೊಂಡು ಹೋದರು. ಎರಡು ಮಣಿಗಳ ನಡುವಿನ ಮೆತ್ತೆ ಹೊರಗೆ ಉಬ್ಬಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆ ಎಂದು ಎಂಆರ್‌ಐಯಲ್ಲಿ ಕಂಡಿತಂತೆ. ಹಿಂದಿನ ಕಾಲದ ಹಾಗೆ ಬೆನ್ನು ಸೀಳುವುದಿಲ್ಲ, ಸಣ್ಣ ತೂತು ಮಾಡಿ, ಅದರೊಳಗೆ ನಳಿಗೆ ಇಳಿಸಿ, ಕ್ಯಾಮೆರಾದಲ್ಲಿ ನೋಡುತ್ತಾ ನರ ಒತ್ತುತ್ತಿರುವ ಚೂರನ್ನಷ್ಟೇ ಚಿವುಟಿ ತೆಗೆಯುತ್ತೇವೆ ಎಂದರಂತೆ. ಬೆಳಿಗ್ಗೆ ಒಳಗೆ ಹೋದವಳನ್ನು ಸಂಜೆ ಎಬ್ಬಿಸಿ ನಡೆಸಿದರು. ಮೂರನೆಯ ದಿನ ಮನೆಗೆ ಬಂದಳು. ಜೀಪಿನಿಂದ ತಾನೇ ಇಳಿದು, ತಾನೇ ಚಪ್ಪಲಿ ಬಿಟ್ಟು, ತಾನೇ ಮೆಟ್ಟಿಲು ಹತ್ತಿ ಒಳಗೆ ಹೋದಳು.

"ಬರೀ ಎರಡು ಹೊಲಿಗೆ ಅತ್ತಿಗೆ, ಬರೀ ಎರಡು!" ಎಂದು ರಮೇಶ ಎರಡು ಬೆರಳು ತೋರಿಸುತ್ತಾ ಕಣದ ತುಂಬ ಓಡಾಡಿದ. ಮದುವೆಯ ದಿನವೂ ಅವನು ಅಷ್ಟು ಸಂತೋಷವಾಗಿರಲಿಲ್ಲ.

ಆಮೇಲೆ ನೋಡಬೇಕಿತ್ತು ಜನಜಾತ್ರೆ. ಮೂಸಂಬಿ, ಎಳನೀರು, ಬ್ರೆಡ್ಡು, ಬಿಸ್ಕತ್ತು. ಬಂದವರಿಗೆಲ್ಲ ಕಾಫಿ ಮಾಡಿ ಕೊಟ್ಟವಳು ನಾನು. ಫಿಲ್ಮನ್ನು ಕಿಟಕಿಗೆ ಹಿಡಿದು ರಮೇಶ ವಿವರಿಸುವುದು, ಬಂದವರು ಅಬ್ಬಬ್ಬಾ ಎನ್ನುವುದು, ಪ್ರಮೀಳ ದಿಂಬಿಗೆ ಒರಗಿ ಸಣ್ಣಗೆ ನಗುವುದು. ಹೊರಡುವಾಗ ನನ್ನ ಕಡೆ ತಿರುಗಿ, "ನಿಮ್ದು ಹೆಂಗಿದೆ ಜಯಕ್ಕ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಚಪ್ಪಲಿ ಹಾಕಿಕೊಳ್ಳುವುದು. ಹೆಂಗಸರು ಹೊಲಿಗೆ ನೋಡಬೇಕೆಂದು ಆಸೆಪಟ್ಟರು. ನಾನೂ ಇಣುಕಿದೆ. ಎರಡು ಕಾಫಿ ಬೀಜ ಉದ್ದಕ್ಕೆ ಇಟ್ಟರೆ ಎಷ್ಟೋ ಅಷ್ಟು. ನನ್ನ ಹೊಟ್ಟೆಯ ಮೇಲೆ ಹೆರಿಗೆಯ ಹೊಲಿಗೆ ಗೇಣುದ್ದ ಇದೆ. ಅದನ್ನು ನೋಡಲಿಕ್ಕೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ಪ್ರಮೀಳಳ ಹೊಲಿಗೆ ಬಿಚ್ಚಿಸಿಕೊಂಡು ಬರಲು ಹೊರಟ ದಿನ ಜೀಪಿನ ಮುಂದಿನ ಬಾಗಿಲನ್ನು ತೆಗೆದವರು ಬೇರೆ ಯಾರೂ ಅಲ್ಲ, ನನ್ನ ಕೈಹಿಡಿದ ಗಂಡ.

"ಪ್ರಮೀಳ, ನೀನು ಮುಂದೆ ಕೂತ್ಕೊಳಮ್ಮ. ಜಯಾ, ನೀನು ಹಿಂದೆ ಹತ್ತು."

"ಬೇಡ ಭಾವ, ಅಕ್ಕ ಕೂತ್ಕೊಳ್ಲಿ," ಎಂದಳು ಅವಳು. ಅದು ಇನ್ನೂ ಉರಿಸಿತು. ನಾನು ಸ್ಟೆಪ್ನಿಯ ಪಕ್ಕದಲ್ಲಿ ಕೂತು ಮಂಗಳೂರಿನವರೆಗೆ ಘಾಟಿಯ ತಿರುವುಗಳನ್ನೆಲ್ಲ ಸೊಂಟದಲ್ಲಿ ಲೆಕ್ಕ ಹಾಕಿದೆ.

ಅವತ್ತೇ ತೀರ್ಮಾನ ಮಾಡಿದೆ, ನಾನೂ ಆಪರೇಷನ್ ಮಾಡಿಸಿಕೊಳ್ಳಬೇಕು. ಅವಳಿಗೆ ಎರಡು ಹೊಲಿಗೆಯಾದರೆ ನನಗೆ ಮೂರು. ದೀಪಾವಳಿ ಮುಗಿದ ಮೇಲೆ ಹಟ ಹಿಡಿದು ಅದೇ ಆಸ್ಪತ್ರೆಗೆ, ಅದೇ ಡಾಕ್ಟರ ಹತ್ತಿರ ಹೋದೆ. ಎಕ್ಸ್‌ರೇ ಆಯಿತು, ಎಂಆರ್‌ಐ ಆಯಿತು. ಡಾಕ್ಟರು ನನ್ನ ಕಾಲು ಎತ್ತಿಸಿದರು, ಬೆರಳು ಒತ್ತಿಸಿದರು, ಹಿಮ್ಮಡಿಯ ಮೇಲೆ ನಡೆಸಿದರು. ಫಿಲ್ಮುಗಳನ್ನು ದೀಪದ ಹಲಗೆಗೆ ಸಿಕ್ಕಿಸಿ ಸ್ವಲ್ಪ ಹೊತ್ತು ನೋಡಿದರು. ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗಿಯ ಹಾಗೆ ನಾನು ಸೀರೆಯ ಸೆರಗು ಹಿಂಡುತ್ತಾ ಕೂತಿದ್ದೆ.

"ನಿಮಗೆ ಆಪರೇಷನ್ ಬೇಕಾಗಿಲ್ಲಮ್ಮ," ಎಂದರು ನಗುತ್ತಾ.

"ಇನ್ನೊಂದ್ಸಲ ನೋಡಿ ಡಾಕ್ಟ್ರೇ. ಸಣ್ಣದಾದ್ರೂ ಎಂತಾದ್ರೂ ಇರುತ್ತೆ."

ಅವರು ತಾಳ್ಮೆಯಿಂದ ಹೇಳಿದರು. ನರ ಎಲ್ಲೂ ಒತ್ತಿಲ್ಲ. ಮಣಿಗಳು ವಯಸ್ಸಿಗೆ ತಕ್ಕಂತೆ ಸವೆದಿವೆ. ಬೆನ್ನಿನ, ಹೊಟ್ಟೆಯ ಸ್ನಾಯುಗಳು ಸೋತಿವೆ. ಆಪರೇಷನ್ ಇರುವುದು ನರ ಬಿಡಿಸಲಿಕ್ಕೆ, ಇಂಥ ನೋವಿಗೆ ಕತ್ತರಿ ಕೆಲಸಕ್ಕೆ ಬಾರದು. ದಿನಾ ನಡೆಯಿರಿ, ವ್ಯಾಯಾಮ ಮಾಡಿ, ತೂಕ ಇಳಿಸಿ, ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ. ಕೊನೆಗೆ, "ನಿಮಗೆ ನೋವಿದೆ, ಅದು ನಿಜ. ಆದರೆ ಕತ್ತರಿಸಿ ತೆಗೆಯುವಂಥದ್ದು ಏನೂ ಇಲ್ಲ," ಎಂದರು.

ನಾನು ಆ ಮಾತಿನ ಮೊದಲರ್ಧವನ್ನು ಹಿಡಿದುಕೊಂಡೆ. ನಮ್ಮವರು ಕೊನೆಯ ಎರಡು ಪದ ಹಿಡಿದುಕೊಂಡರು. ವಾಪಸು ಬರುವಾಗ ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿಯಲು ನಿಲ್ಲಿಸಿದರೆ ಅಲ್ಲಿ ಸಿಕ್ಕ ಮೊದಲ ಪರಿಚಯದವರಿಗೇ, "ಏನೂ ಇಲ್ವಂತೆ ಮಾರಾಯ, ಸುಮ್ನೆ ಹೆದರ್ಕೊಂಡಿದ್ವಿ," ಎಂದು ಬೆನ್ನು ತಟ್ಟಿದರು. ನಾನು ಜೀಪಿನಲ್ಲೇ ಕೂತು ಅತ್ತೆ. ಹೆಂಡತಿಗೆ ಸಂತೋಷದ ಕಣ್ಣೀರು ಬಂದಿದೆ ಎಂದುಕೊಂಡು ಅವರು ನನಗೊಂದು ನೀರುದೋಸೆ ಕಟ್ಟಿಸಿಕೊಂಡು ಬಂದರು. ಒಳ್ಳೆಯ ಮನುಷ್ಯ. ಅದೇ ಕಷ್ಟ.

ಸುದ್ದಿ ನನಗಿಂತ ಮುಂಚೆ ಊರು ಮುಟ್ಟಿತು. ಜಯಕ್ಕನಿಗೆ ಏನೂ ಇಲ್ಲವಂತೆ. ಇಪ್ಪತ್ತು ವರ್ಷದ ನನ್ನ ನರಳಾಟ ಒಂದೇ ದಿನದಲ್ಲಿ ಸುಳ್ಳಾಯಿತು. ಕೊಯ್ಲು ಶುರುವಾದಾಗ ನಮ್ಮವರು, "ಆ ಬುಟ್ಟಿ ಇತ್ಲಾಗಿಡು ಜಯಾ, ಹೆಂಗೂ ಏನೂ ಇಲ್ವಲ್ಲ," ಎನ್ನತೊಡಗಿದರು. ಮೂವತ್ತು ವರ್ಷದಿಂದ ನಮ್ಮಲ್ಲಿ ಹಣ್ಣು ಕೊಯ್ಯುವ ಗಿರಿಜ ಒಂದು ದಿನ ತುಂಬಿದ ಚೀಲ ಹೊತ್ತು ಗುಡ್ಡ ಹತ್ತಿ ಬಂದು ನನ್ನ ಪಕ್ಕದಲ್ಲಿ ಇಳಿಸಿದಳು. "ನಿಂಗೆ ಬೆನ್ನು ನೋಯಲ್ವೇನೆ?" ಎಂದು ಕೇಳಿದೆ. "ನಂಗೆಲ್ಲಿ ಬೆನ್ನು ಅಮ್ಮ? ಇದ್ದಿದ್ರೆ ನೋಯ್ತಿತ್ತು," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಇಳಿದು ಹೋದಳು. ಅವಳ ಮಾತು ಕೇಳಿ ಒಂದು ನಿಮಿಷ ನನ್ನ ಹೊಟ್ಟೆಕಿಚ್ಚು ಎಲ್ಲಿ ಮುಖ ಇಟ್ಟುಕೊಳ್ಳುವುದೆಂದು ತಿಳಿಯದೆ ಸುಮ್ಮನಾಯಿತು. ಒಂದೇ ನಿಮಿಷ.

ವ್ಯಾಯಾಮ ಕಲಿಯಲು ಮೂಡಿಗೆರೆಯಲ್ಲಿ ಒಬ್ಬ ಹುಡುಗಿಯ ಹತ್ತಿರ ಹೋದೆ. ಫಿಸಿಯೋ ಓದಿದವಳು. ಕುಳಿತುಕೊಳ್ಳುವುದು ಹೇಗೆ, ಹಾಸಿಗೆಯಿಂದ ಮಗ್ಗುಲಾಗಿ ಏಳುವುದು ಹೇಗೆ, ನೆಲ ಗುಡಿಸುವಾಗ ನಿಲ್ಲುವುದು ಹೇಗೆ ಎಂದೆಲ್ಲ ತೋರಿಸಿ, ಚಿತ್ರಗಳಿದ್ದ ಒಂದು ಕಾಗದ ಕೊಟ್ಟಳು. ಮನೆಗೆ ಬಂದು ನೋಡಿದರೆ ಪ್ರಮೀಳಳ ಹತ್ತಿರವೂ ಅದೇ ಕಾಗದ. ಆಪರೇಷನ್ ಆದವಳಿಗೂ ಏನೂ ಇಲ್ಲದವಳಿಗೂ ಒಂದೇ ಕಾಗದ! ನನಗೆ ಸ್ವಲ್ಪ ಸಮಾಧಾನವಾಯಿತು. ಅವಳಿಗೆ ಏನನ್ನಿಸಿತೋ, "ಅಕ್ಕ, ಇಬ್ರೂ ಒಟ್ಟಿಗೇ ಮಾಡಣ," ಎಂದು ದಿನಾ ಸಂಜೆ ಚಾಪೆ ಹಿಡಿದುಕೊಂಡು ಕಣಕ್ಕೆ ಬರತೊಡಗಿದಳು. ರಾಶಿಯ ಮರೆಯಲ್ಲಿ, ಕಾವು ಆರದ ಸಿಮೆಂಟಿನ ಮೇಲೆ ನಾವಿಬ್ಬರೂ ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತಿ ಹತ್ತು ಎಣಿಸಿ ಇಳಿಸುವುದು. ಎಣಿಸುವವಳು ನಾನೇ. ಅವಳು ಎತ್ತಿದಾಗ ಹತ್ತಕ್ಕೆ ಹದಿನೈದರಷ್ಟು ಹೊತ್ತು ಎಣಿಸುತ್ತಿದ್ದೆ, ನನ್ನ ಸರದಿಗೆ ಏಳರಷ್ಟು. ಅವಳು ಒಂದು ದಿನವೂ ಕೇಳಲಿಲ್ಲ. ತುಟಿ ಬಿಗಿದು ಎತ್ತುತ್ತಿದ್ದಳು, ಇಳಿಸುತ್ತಿದ್ದಳು. ಅದೂ ನನಗೆ ಜಂಬವಾಗಿ ಕಾಣುತ್ತಿತ್ತು.

ಆ ಅಚ್ಚು ಕಂಡ ದಿನ ಸಂಜೆಯೂ ಬಂದಳು. ನಾನು ಉರಿಯುತ್ತಲೇ ಚಾಪೆ ಹಾಸಿದೆ. ಶೆಡ್ಡಿನಲ್ಲಿ ಅಣ್ಣ ತಮ್ಮ ಇಬ್ಬರೂ ಚೀಲ ಜೋಡಿಸುವ ಸದ್ದು ಕೇಳುತ್ತಿತ್ತು. ಪ್ರಮೀಳ ಸೊಂಟ ಎತ್ತಿದಳು. ನಾನು ಅವತ್ತು ಇಪ್ಪತ್ತರಷ್ಟು ಹೊತ್ತು ಎಣಿಸಿದೆ. ಇಳಿಸು ಎಂದಾಗ ಅವಳು ಅರ್ಧಕ್ಕೇ ಸಿಕ್ಕಿಕೊಂಡಳು. ತಿರುಗಿ ನೋಡಿದರೆ ಸೆರಗಿನ ತುದಿ ಬಾಯಲ್ಲಿತ್ತು, ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ನಾನು ಗಡಬಡಿಸಿ ಅವಳ ಸೊಂಟದ ಕೆಳಗೆ ಕೈಕೊಟ್ಟು ಮೆಲ್ಲಗೆ ನೆಲಕ್ಕೆ ಇಳಿಸಿದೆ.

"ಎಂತಾಯ್ತೆ?"

"ಏನೂ ಇಲ್ಲ ಅಕ್ಕ."

"ನನ್ನ ಹತ್ರ ಆ ಮಾತು ಹೇಳ್ಬೇಡ. ಎಂತಾಯ್ತು ಹೇಳು."

ಅವಳು ಶೆಡ್ಡಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಪಿಸುಮಾತಿನಲ್ಲಿ ಹೇಳಿದಳು. "ಕಾಲಿಂದು ಪೂರ್ತಿ ಹೋಗಿದೆ ಅಕ್ಕ, ದೇವರಾಣೆ. ಬೆರಳೂ ಸರಿ ಆಯ್ತು. ಸೊಂಟದ್ದು ಮಾತ್ರ ಹಂಗೇ ಇದೆ. ನಿಮ್ದಿದೆಯಲ್ಲ, ಅದೇ ಥರದ್ದು."

"ಡಾಕ್ಟ್ರಿಗೆ ಹೇಳ್ಲಿಲ್ವಾ?"

"ಹೇಳ್ದೆ. ಆಪರೇಷನ್ ಮಾಡಿದ್ದು ಕಾಲಿನ ನರಕ್ಕೆ, ಸೊಂಟದ ನೋವು ಹೆದರೋ ಅಂಥದ್ದಲ್ಲ, ವ್ಯಾಯಾಮ ಬಿಡ್ಬೇಡಿ, ನಿಧಾನ ಆಗುತ್ತೆ ಅಂದ್ರು."

"ಮತ್ತೆ ಮನೇಲಿ ಹೇಳು. ಅಳ್ತಾ ಯಾಕೆ ಮಾಡ್ತೀಯ?"

"ಹೆಂಗೆ ಹೇಳ್ಲಿ ಅಕ್ಕ? ಇವ್ರು ಸಿಕ್ಕಿದವರಿಗೆಲ್ಲ ಎರಡು ಹೊಲಿಗೆ, ಎರಡು ಹೊಲಿಗೆ ಅಂತ ಹೇಳ್ಕೊಂಡು ಬಂದಿದಾರೆ. ಹೋದ ತಿಂಗಳು ಒಂದ್ಸಲ ಬಟ್ಟೆ ಹಿಂಡ್ತಾ ಉಸ್ ಅಂದೆ. 'ಮತ್ತೆ ಬಂತಾ?' ಅಂತ ಮುಖ ಸಣ್ಣ ಮಾಡ್ಕೊಂಡ್ರು. ಅವತ್ತು ಊಟಾನೇ ಮಾಡ್ಲಿಲ್ಲ. ಅಲ್ಲಿಂದೀಚೆಗೆ ನಾನು ಬಾಯಿ ಬಿಟ್ಟಿಲ್ಲ." ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ನಿಮ್ಮನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ಅಕ್ಕ. ನೀವು ಅಯ್ಯೋ ಅಮ್ಮಾ ಅಂತ ಎಷ್ಟು ಜೋರಾಗಿ ಕೂಗ್ತೀರಿ! ನಂಗೆ ಅಷ್ಟು ಮಾಡಕ್ಕಾಗಿದ್ರೆ ಸಾಕಿತ್ತು."

ನಾನು ಒಳ್ಳೆಯವಳೆಂದು ನೀವು ತಿಳಿದಿದ್ದರೆ ಈಗ ಬಿಟ್ಟುಬಿಡಿ. ಆ ಮಾತು ಕೇಳಿ ಮೊದಲು ನನಗಾದದ್ದು ಸಂತೋಷ. ಎರಡು ಹೊಲಿಗೆಯ ಪ್ರಮೀಳ, ಮೂಸಂಬಿಯ ಪ್ರಮೀಳ, ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾಳೆ! ನನ್ನನ್ನು ನೋಡಿ ಹುಟ್ಟಿದಾರಭ್ಯ ಯಾರೂ ಹೊಟ್ಟೆಕಿಚ್ಚು ಪಟ್ಟಿರಲಿಲ್ಲ. ಆ ಸಂತೋಷ ಇಳಿಯುತ್ತಾ ಬಂದ ಹಾಗೆ, ನನ್ನ ನೋಡಿ ಕಲಿತಿದ್ದಾಳೆ ಎಂದು ಸಂಘದಲ್ಲಿ ಹೇಳಿದ್ದು ನೆನಪಾಯಿತು. ಹತ್ತಕ್ಕೆ ಇಪ್ಪತ್ತು ಎಣಿಸಿದ್ದೂ ನೆನಪಾಯಿತು. ಎಲ್ಲ ಸಾಲದೆಂದು, ನನ್ನ ನೋವನ್ನು ಯಾರೂ ನಂಬುವುದಿಲ್ಲ ಎಂದು ಅತ್ತವಳು ಅವಳ ನೋವನ್ನು ನಂಬಿರಲಿಲ್ಲ. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. "ಕೈ ಕೊಡು, ಮಗ್ಗುಲಾಗಿ ಏಳು," ಎಂದಷ್ಟೇ ಅಂದೆ.

ಅವಳು ಮಗ್ಗುಲಾಗಲು ಹೋಗಿ ಮತ್ತೆ ಸಿಕ್ಕಿಕೊಂಡಳು. ಅದೇ ಹೊತ್ತಿಗೆ ಶೆಡ್ಡಿನ ಬಾಗಿಲು ಎಳೆದ ಸದ್ದಾಯಿತು. ಅಣ್ಣ ತಮ್ಮ ಮಾತಾಡಿಕೊಂಡು ಈ ಕಡೆ ಬರುತ್ತಿದ್ದರು. ಪ್ರಮೀಳಳ ಮುಖ ಬಿಳುಚಿತು. ನರಳಾಟ ಗಂಟಲಿನವರೆಗೆ ಬಂದು ನಿಂತಿರುವುದು ನನಗೆ ಕಾಣುತ್ತಿತ್ತು. ನಾನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಕೂಗು," ಎಂದೆ. ಆಮೇಲೆ ನನಗಿರುವ ಶಕ್ತಿಯನ್ನೆಲ್ಲ ಸೇರಿಸಿ, "ಅಯ್ಯಯ್ಯೋ ಅಮ್ಮಾ, ಸತ್ತೇ!" ಎಂದು ಕಿರುಚಿದೆ. ನನ್ನ ದನಿಯ ಅಡಿಯಲ್ಲಿ ಅವಳೂ ಕೂಗಿದಳು. ಇಷ್ಟು ದಿನ ಕಟ್ಟಿಟ್ಟದ್ದು ಒಂದೇ ಸಲಕ್ಕೆ ಬಂತು. ಆ ಕೂಗು ಕೇಳಿ ನನಗೇ ಮೈ ಜುಮ್ಮೆಂದಿತು.

ಇಬ್ಬರೂ ಓಡಿ ಬಂದರು. ಮುಂದೆ ಓಡಿ ಬಂದವರು ನಮ್ಮವರು.

"ಯಾರು? ಯಾರಿಗೆಂತಾಯ್ತು?"

"ನಂಗೇ," ಎಂದೆ, ಸೊಂಟ ಹಿಡಿದುಕೊಂಡು.

ರಮೇಶನ ಮುಖದಲ್ಲಿ ಜೀವ ಬಂತು. ಹೆಂಡತಿಯನ್ನೊಮ್ಮೆ ನೋಡಿ, "ನೀವೂ ಪ್ರಮೀಳ ಥರ ದಿನಾ ಸರಿಯಾಗಿ ವ್ಯಾಯಾಮ ಮಾಡ್ಬೇಕು ಅತ್ತಿಗೆ," ಎಂದ. ಪ್ರಮೀಳ ಮಲಗಿದಲ್ಲೇ, "ನಾನು ಇನ್ನೊಂದು ಹತ್ತು ಮಾಡಿ ಬರ್ತೀನಿ," ಎಂದಳು. ನಮ್ಮವರು ಮಾತ್ರ ನನ್ನ ಪಕ್ಕ ಮಂಡಿಯೂರಿ ಕೂತಿದ್ದರು.

"ಇವತ್ತು ನಿಜವಾಗ್ಲೂ ನೋಯ್ತಿದೆ ಕಣೋ ಇವಳಿಗೆ," ಎಂದರು ತಮ್ಮನಿಗೆ. "ಆ ಕೂಗೇ ಬೇರೆ ಥರ ಇತ್ತು."

ಎದ್ದು ಮನೆಗೆ ಹೋಗಿ, ತಾವೇ ನೀರು ಕಾಯಿಸಿ, ರಬ್ಬರಿನ ಚೀಲಕ್ಕೆ ತುಂಬಿ, ಟವೆಲು ಸುತ್ತಿಕೊಂಡು ತಂದರು. ನನ್ನ ಸೊಂಟದ ಕೆಳಗೆ ಇಟ್ಟು, "ಸುಡುತ್ತಾ?" ಎಂದು ಎರಡು ಸಲ ಕೇಳಿದರು. ಬಿಸಿ ಹದವಾಗಿತ್ತು. ಅವರಿಗೆ ಇಷ್ಟು ಚೆನ್ನಾಗಿ ನೀರು ಕಾಯಿಸಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅಣ್ಣ ತಮ್ಮ ರಾಶಿಯ ಆಚೆ ಮರೆಯಾದ ಮೇಲೆ ಚೀಲವನ್ನು ಎಳೆದು ಪ್ರಮೀಳಳ ಸೊಂಟದಡಿಗೆ ಸರಿಸಿದೆ. ಅವಳು ಕಣ್ಣು ಮುಚ್ಚಿದಳು. ಇಪ್ಪತ್ತು ವರ್ಷದಲ್ಲಿ ನಮ್ಮವರು ನನ್ನ ನೋವನ್ನು ನಂಬಿದ್ದು ಅದೊಂದೇ ಸಲ, ಅದೂ ಅವಳ ನೋವು.